ಚಂಬಲ ಕಣಿವೆಯ ಶಸ್ತ್ರತ್ಯಾಗ : ೧೯೬೦ ಮತ್ತು ೧೯೭೨ರ ಎರಡು ಪ್ರಯೋಗಗಳು

೧

ಮಧ್ಯಪ್ರದೇಶದ ಭಿಂಡ ಮತ್ತು ಮೊರೇನಾ ಜಿಲ್ಲೆಗಳ ಆಡುಮಾತಿನಲ್ಲಿ ದರೋಡೆಕೋರನಿಗೆ ಎರಡು ಹೆಸರುಗಳುಂಟು. ಸರಕಾರದ ಕಡತಗಳೂ, ಅವನಿಂದ ಪೀಡಿತರಾದ ಜನರೂ ಅವನನ್ನು ‘ಡಾಕು’ ಎಂದು ಕರೆಯುತ್ತಾರೆ. ಅವನಾದರೋ ತನ್ನನ್ನು ‘ಬಾಗಿ’ ಎಂದು ಕರೆದುಕೊಳ್ಳುತ್ತಾನೆ, ಬಾಗಿಯೆಂದರೆ ಬಂಡಾಯಗಾರ. ಒಂದೇ ಮನುಷ್ಯನಿಗೆ ಸಲ್ಲುವ ಈ ಎರಡು ಹೆಸರುಗಳ ನಡುವೆ ಇರುವ ಅಂತರವು ಕೇವಲ ಶಬ್ದದ್ದಲ್ಲ. ಅಪರಾಧಿಯನ್ನು ಸಮಾಜವು ಹೇಗೆ ನೋಡಬೇಕು, ಅವನಿಂದ ನೊಂದವರಿಗೆ ನ್ಯಾಯವನ್ನು ಹೇಗೆ ದೊರಕಿಸಬೇಕು ಎಂಬ ಎರಡು ಪ್ರಶ್ನೆಗಳು ಈ ಅಂತರದಲ್ಲಿ ಅಡಗಿವೆ. ಈ ಪ್ರಶ್ನೆಗಳಿಗೆ ಗ್ರಂಥಗಳ ಮೂಲಕವಲ್ಲದೆ ಕಾರ್ಯದ ಮೂಲಕ ಉತ್ತರ ಹುಡುಕಲು ಹೊರಟ ಕೆಲವರ ವೃತ್ತಾಂತವನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ಚಂಬಲ ನದಿಯು ವಿಂಧ್ಯದಲ್ಲಿ ಮಹೂ ಊರಿನ ಸಮೀಪದಲ್ಲಿ ಹುಟ್ಟಿ, ರಾಜಸ್ಥಾನವನ್ನು ಹಾದು, ಉತ್ತರಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಯಮುನೆಯನ್ನು ಕೂಡುತ್ತದೆ. ಅದರ ಕೆಳದಂಡೆಗಳ ಮೆಕ್ಕಲು ಮಣ್ಣು ಮಳೆಯ ನೀರಿಗೆ ಕೊಚ್ಚಿಹೋಗಿ ಆಳವಾದ ಕೊರಕಲುಗಳಾಗಿವೆ. ಇವಕ್ಕೆ ‘ಬೇಹಡ’ವೆಂದು ಹೆಸರು. ಒಬ್ಬ ಮನುಷ್ಯನು ಇವುಗಳೊಳಗೆ ಇಳಿದನೆಂದರೆ ನೂರು ಮಾರು ದೂರದಲ್ಲಿ ನಿಂತವನ ಕಣ್ಣಿಗೂ ಬೀಳುವುದಿಲ್ಲ. ಮೇಲಾಗಿ ಮೂರು ರಾಜ್ಯಗಳ ಗಡಿಗಳು ಇಲ್ಲಿ ಸಂಧಿಸುತ್ತವೆ. ಒಂದು ರಾಜ್ಯದ ಪೋಲೀಸರು ಬೆನ್ನಟ್ಟಿದರೆ ಇನ್ನೊಂದು ರಾಜ್ಯಕ್ಕೆ ದಾಟುವುದು ಒಂದು ರಾತ್ರಿಯ ಕೆಲಸ. ಆದರೆ ಭೂಮಿಯ ಸ್ವರೂಪವೊಂದೇ ದರೋಡೆಗೆ ಕಾರಣವೆನ್ನುವುದು ಸರಿಯಲ್ಲ. ಕೊರಕಲು ಅಡಗುದಾಣವನ್ನು ಕೊಡಬಲ್ಲುದೇ ಹೊರತು ಅಡಗಬೇಕಾದ ಕಾರಣವನ್ನು ಕೊಡಲಾರದು. ಆ ಕಾರಣವು ಹೊಲದ ಬದುವಿನ ಮೇಲೆ, ಜಾತಿಜಾತಿಗಳ ನಡುವಣ ಹಗೆಯಲ್ಲಿ, ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ಸೇಡಿನಲ್ಲಿ ಹುಟ್ಟುತ್ತಿತ್ತು. ಜಮೀನಿನ ವ್ಯಾಜ್ಯದಲ್ಲಿ ಒಂದು ಕೊಲೆ ನಡೆಯುವುದು. ಕೊಂದವನು ಬೇಹಡಕ್ಕೆ ಇಳಿಯುವುದು. ಹೊಟ್ಟೆಪಾಡಿಗಾಗಿ ಗುಂಪು ಸೇರಿ, ಸ್ಥಿತಿವಂತರ ಮಕ್ಕಳನ್ನು ಹಿಡಿದೊಯ್ದು ಹಣ ವಸೂಲುಮಾಡುವುದು: ಇದು ಅಲ್ಲಿ ಪುನಃಪುನಃ ಕಾಣುವ ಕ್ರಮವಾಗಿತ್ತು. ಇವೆರಡರ ನಡುವೆ ಸಿಕ್ಕಿದ ಹಳ್ಳಿಗನ ಪಾಡು ಶೋಚನೀಯವಾದುದು. ಗುಂಪಿಗೆ ಅನ್ನವಿಕ್ಕಿದರೆ ಪೋಲೀಸರ ಏಟು, ಪೋಲೀಸರಿಗೆ ಸುದ್ದಿ ಕೊಟ್ಟರೆ ಗುಂಪಿನ ಗುಂಡು.

೨

ಇಂಥ ಅಪರಾಧವನ್ನು ಅಡಗಿಸಲು ಬ್ರಿಟಿಷ್ ಆಡಳಿತವು ಅನುಸರಿಸಿದ ಮಾರ್ಗವನ್ನು ಮೊದಲು ನೆನೆಯಬೇಕು. ಠಕ್ಕರ ದಮನಕ್ಕಾಗಿ ೧೮೩೬ರಲ್ಲಿ ಮಾಡಿದ ಕಾಯಿದೆಯು, ಠಕ್ಕರ ಗುಂಪಿಗೆ ಸೇರಿದವನೆಂದು ಸಿದ್ಧವಾದರೆ ಅಷ್ಟರಿಂದಲೇ ಆಜೀವ ಸೆರೆವಾಸವನ್ನು ವಿಧಿಸಿತು. ಒಬ್ಬನು ಏನು ಮಾಡಿದನೆಂಬುದಕ್ಕಿಂತ ಯಾರೊಡನೆ ಇದ್ದನೆಂಬುದು ಮುಖ್ಯವಾಯಿತು. ಈ ತರ್ಕವೇ ಮುಂದುವರಿದು ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಪೂರ್ಣರೂಪವನ್ನು ತಾಳಿತು. ಅಲ್ಲಿ ಒಬ್ಬನು ಯಾರಿಗೆ ಹುಟ್ಟಿದನೆಂಬುದೇ ಅವನ ಅಪರಾಧಕ್ಕೆ ಸಾಕ್ಷಿಯೆನಿಸಿತು. ಈ ಕಾಯಿದೆಯು ೧೯೫೨ರ ಆಗಸ್ಟ್ ೩೧ರಂದು ರದ್ದಾಗುವವರೆಗೆ ಹಲವು ಸಮುದಾಯಗಳ ಮೇಲೆ ಕಳಂಕದ ಮುದ್ರೆಯನ್ನೊತ್ತಿತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿದ್ದ ವಸತಿಗಳ ಮೂಲಕ ಅದರ ನೆರಳು ನಮ್ಮ ನಾಡಿನ ಮೇಲೂ ಬಿದ್ದಿತ್ತು.

ಸ್ವಾತಂತ್ರ್ಯಾನಂತರದ ಮೊದಲ ದಶಕದಲ್ಲಿ ಈ ದೃಷ್ಟಿ ಬದಲಾಗತೊಡಗಿತೆಂಬುದಕ್ಕೆ ಹಲವು ನಿದರ್ಶನಗಳಿವೆ. ವಿಶ್ವಸಂಸ್ಥೆಯ ತಜ್ಞ ವಾಲ್ಟರ್ ರೆಕ್ಲೆಸ್ ಭಾರತಕ್ಕೆ ಬಂದು ಸೆರೆಮನೆಗಳ ಆಡಳಿತವನ್ನು ಕುರಿತು ೧೯೫೨ರಲ್ಲಿ ವರದಿ ಒಪ್ಪಿಸಿದರು. ಅದೇ ವರ್ಷ ಉತ್ತರಪ್ರದೇಶದಲ್ಲಿ ಸಂಪೂರ್ಣಾನಂದರ ಪ್ರೇರಣೆಯಿಂದ, ವಾರಾಣಸಿಯ ಬಳಿಯ ಚಂದ್ರಪ್ರಭಾ ನದಿಯ ಅಣೆಕಟ್ಟಿನ ಕೆಲಸದಲ್ಲಿ ಕೈದಿಗಳನ್ನು ಗೋಡೆಗಳಿಲ್ಲದ ಶಿಬಿರದಲ್ಲಿಟ್ಟು, ಕೂಲಿ ಕೊಟ್ಟು ದುಡಿಸುವ ಪ್ರಯೋಗ ಆರಂಭವಾಯಿತು. ೧೯೫೭ರಲ್ಲಿ ಅಖಿಲ ಭಾರತ ಸೆರೆಮನೆ ನಿಯಮಾವಳಿ ಸಮಿತಿಯ ನೇಮಕವಾಯಿತು. ೧೯೫೮ರಲ್ಲಿ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಬಂದಿತು. ಆದುದರಿಂದ ಚಂಬಲದಲ್ಲಿ ನಡೆದುದನ್ನು ಒಬ್ಬ ಸಂತನ ಏಕಾಂಗಿ ಪವಾಡವೆಂದು ಭಾವಿಸುವುದು ಇತಿಹಾಸದೃಷ್ಟಿಗೆ ಸಮ್ಮತವಲ್ಲ. ಅಪರಾಧಿಯೂ ಬದಲಾಗಬಲ್ಲನೆಂಬ ನಂಬಿಕೆಗೆ ಆ ವೇಳೆಗೆ ಸರಕಾರದ ನೀತಿಯಲ್ಲಿಯೇ ಒಂದಷ್ಟು ಎಡೆ ದೊರೆತಿದ್ದಿತು.

೩

೧೯೫೫ರಲ್ಲಿ ಆ ಪ್ರದೇಶದ ಅತ್ಯಂತ ಪ್ರಸಿದ್ಧ ದರೋಡೆ ನಾಯಕನಾದ ಮಾನಸಿಂಗನು ಪೋಲೀಸ್ ಕಾರ್ಯಾಚರಣೆಯಲ್ಲಿ ಹತನಾದನು. ಅವನ ಮಗ ತಹಶೀಲದಾರಸಿಂಗನು ಸೆರೆಸಿಕ್ಕಿ, ಮರಣದಂಡನೆಗೆ ಗುರಿಯಾಗಿ, ನೈನಿ ಸೆರೆಮನೆಯಲ್ಲಿದ್ದನು. ಆಗ ವಿನೋಬಾ ಭಾವೆಯವರು ಭೂದಾನದ ಪಾದಯಾತ್ರೆಯಲ್ಲಿ ಕಾಶ್ಮೀರವನ್ನು ಸಂಚರಿಸುತ್ತಿದ್ದರು. ಸಾಯುವ ಮುನ್ನ ತಮ್ಮ ದರ್ಶನವಾಗಬೇಕೆಂದೂ, ಬೇಹಡದಲ್ಲಿ ಉಳಿದಿರುವವರಿಗೆ ತಾವು ದಾರಿ ತೋರಬೇಕೆಂದೂ ತಹಶೀಲದಾರಸಿಂಗನು ಅವರಿಗೆ ಪತ್ರ ಬರೆದನು. ವಿನೋಬಾರ ಪರವಾಗಿ ನಿವೃತ್ತ ಮೇಜರ್ ಜನರಲ್ ಯದುನಾಥಸಿಂಗರು ಕೈದಿಯನ್ನು ಕಂಡು, ಗುಂಪುಗಳೊಡನೆ ಸಂಪರ್ಕವನ್ನು ಬೆಳೆಸಿದರು. ಯುದ್ಧಭೂಮಿಯನ್ನು ಕಂಡ ಸೇನಾನಿಯೊಬ್ಬರು ಶಸ್ತ್ರವಿಲ್ಲದೆ ಈ ಕಾರ್ಯಕ್ಕೆ ನಿಂತುದು ಗಮನಾರ್ಹವಾದ ಸಂಗತಿ.

೧೯೬೦ರ ಮೇ ತಿಂಗಳಿನಲ್ಲಿ ವಿನೋಬಾ ಚಂಬಲದ ಹಳ್ಳಿಗಳಲ್ಲಿ ನಡೆದರು. ಆ ತಿಂಗಳು ಮುಗಿಯುವುದರೊಳಗೆ ೨೦ ಮಂದಿ ಅವರ ಮುಂದೆ ಬಂದೂಕುಗಳನ್ನಿಟ್ಟು ಶರಣಾದರು. ಲುಕ್ಕಾ ಎಂಬ ಹೆಸರಿನಿಂದ ಭಯ ಹುಟ್ಟಿಸಿದ್ದ ಲೋಕಮನ ದೀಕ್ಷಿತನು ಅವರಲ್ಲಿ ಪ್ರಮುಖನು. ತಹಶೀಲದಾರಸಿಂಗನ ಮರಣದಂಡನೆಯು ಆಜೀವ ಸೆರೆವಾಸಕ್ಕೆ ಇಳಿಯಿತು. ದೇಶದ ಪತ್ರಿಕೆಗಳು ಇದನ್ನು ಅಂಗುಲಿಮಾಲನ ಕಥೆಗೆ ಹೋಲಿಸಬಹುದಾದ ಘಟನೆಯೆಂಬಂತೆ ಕಂಡವು.

ಆದರೆ ಈ ಪ್ರಯೋಗದಲ್ಲಿ ಒಂದು ಮುಖ್ಯ ನ್ಯೂನತೆ ಇದ್ದಿತೆಂಬುದನ್ನು ಒಪ್ಪಬೇಕಾಗುತ್ತದೆ. ಶರಣಾದವರ ಮೇಲಿನ ಮೊಕದ್ದಮೆಗಳು ಹೇಗೆ ನಡೆಯಬೇಕು, ಅವರ ಕುಟುಂಬಗಳನ್ನು ಯಾರು ರಕ್ಷಿಸಬೇಕು, ಅವರಿಂದ ಹತರಾದವರ ಮನೆಗಳಿಗೆ ಏನು ಸಲ್ಲಬೇಕು ಎಂಬ ವಿಷಯಗಳಲ್ಲಿ ರಾಜ್ಯಸರಕಾರಗಳೊಡನೆ ಖಚಿತವಾದ ಒಡಂಬಡಿಕೆ ಮೊದಲೇ ಆಗಿರಲಿಲ್ಲ. ಶರಣಾಗತಿಯು ವ್ಯಕ್ತಿಗೆ ಸಂದಿತೇ ವಿನಾ ವ್ಯವಸ್ಥೆಗೆ ಸಲ್ಲಲಿಲ್ಲ. ವಿನೋಬಾ ಮುಂದಿನ ಊರಿಗೆ ನಡೆದುಹೋದ ಮೇಲೆ ಉಳಿದ ಭಾರವು ಕೆಲವೇ ಸರ್ವೋದಯ ಕಾರ್ಯಕರ್ತರ ಹೆಗಲಿಗೆ ಬಿದ್ದಿತು. ಅವರು ಚಂಬಲ ಘಾಟಿ ಶಾಂತಿ ಸಮಿತಿಯ ಹೆಸರಿನಲ್ಲಿ ನ್ಯಾಯಾಲಯಗಳಿಗೂ ಹಳ್ಳಿಗಳಿಗೂ ಅಲೆದರು.

ಈ ನ್ಯೂನತೆಯನ್ನು ಬಹಿರಂಗವಾಗಿ ಎತ್ತಿ ತೋರಿಸಿದವರಲ್ಲಿ ಆಗ ಮಧ್ಯಪ್ರದೇಶದ ಪೋಲೀಸ್ ಮುಖ್ಯಸ್ಥರಾಗಿದ್ದ ಕೆ. ಎಫ್. ರುಸ್ತುಂಜಿಯವರು ಪ್ರಮುಖರು. ದರೋಡೆಕೋರರಿಗೆ ಇಂತಹ ಗೌರವ ಸಂದರೆ, ಅವರೊಡನೆ ಹೋರಾಡಿ ಮಡಿದ ಪೋಲೀಸಿನವರ ತ್ಯಾಗಕ್ಕೆ ಬೆಲೆಯೇನು, ಉಳಿದವರ ಮನೋಬಲದ ಗತಿಯೇನು ಎಂಬುದು ಅವರ ಆಕ್ಷೇಪದ ತಿರುಳಾಗಿತ್ತು. ಸರ್ವೋದಯದ ಅಭಿಮಾನಿಗಳು ಇದನ್ನು ಅಧಿಕಾರಿಯ ಅಸೂಯೆಯೆಂದು ತಳ್ಳಿಹಾಕಿದರು. ಆದರೆ ಅವರ ಪ್ರಶ್ನೆಯು ಅಷ್ಟು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ರುಸ್ತುಂಜಿಯವರ ವಿಚಾರಕ್ಕೆ ನಾವು ಮುಂದೆ ಮತ್ತೊಮ್ಮೆ ಬರಬೇಕಾಗಿದೆ.

೪

೧೯೬೦ಕ್ಕೂ ೧೯೭೨ಕ್ಕೂ ನಡುವೆ ಕಣಿವೆಯಲ್ಲಿ ಹೊಸ ಗುಂಪುಗಳು ತಲೆಯೆತ್ತಿದವು. ಮೋಹರಸಿಂಗ, ಮಾಧೋಸಿಂಗ ಇವರ ಹೆಸರುಗಳು ಮನೆಮಾತಾದವು. ಮೋಹರಸಿಂಗನನ್ನು ಹಿಡಿದುಕೊಟ್ಟವರಿಗೆ ಸರಕಾರವು ಎರಡು ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿದ್ದಿತು. ಮೊದಲ ಪ್ರಯೋಗ ವಿಫಲವಾಯಿತೆನ್ನಲು ಇದನ್ನೇ ಆಧಾರವಾಗಿ ಹಿಡಿಯುವವರುಂಟು. ಆದರೆ ಎರಡನೆಯ ಪ್ರಯೋಗಕ್ಕೆ ದಾರಿ ತೆರೆದವರು ಯಾರೆಂಬುದನ್ನು ಅವರು ಮರೆಯಬಾರದು. ಮೊದಲ ಬಾರಿ ಶರಣಾಗಿ ಶಿಕ್ಷೆ ಅನುಭವಿಸಿ ಬಂದ ಲೋಕಮನನೂ, ಗಲ್ಲಿನಿಂದ ಪಾರಾದ ತಹಶೀಲದಾರಸಿಂಗನೂ ೧೯೭೧–೭೨ರಲ್ಲಿ ಶಾಂತಿದೂತರಾಗಿ ಬೇಹಡಗಳೊಳಗೆ ನಡೆದರು. ಬಾಗಿಗಳು ಸರಕಾರದ ಮಾತನ್ನು ನಂಬುತ್ತಿರಲಿಲ್ಲ. ತಮ್ಮಂತೆಯೇ ಬಾಗಿಯಾಗಿದ್ದವನ ಮಾತನ್ನು ನಂಬಿದರು.

ಇಲ್ಲಿಯೇ ನಮ್ಮ ನಾಡಿನ ಒಬ್ಬರ ಕಾರ್ಯವನ್ನು ಸ್ಮರಿಸಬೇಕಾಗಿದೆ. ೧೯೨೯ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಎಸ್. ಎನ್. ಸುಬ್ಬರಾಯರು ೧೯೪೨ರ ಚಳುವಳಿಯಲ್ಲಿ, ಇನ್ನೂ ಶಾಲಾ ಬಾಲಕರಾಗಿದ್ದಾಗಲೇ, ಬಂಧನಕ್ಕೊಳಗಾದವರು. ನಮ್ಮ ನಾಡಿನವರೇ ಆದ ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ಅವರು ತರುಣರನ್ನು ಸಂಘಟಿಸುವ ವಿದ್ಯೆಯನ್ನು ಕಲಿತರು. ೧೯೭೦ರಲ್ಲಿ ಮೊರೇನಾ ಜಿಲ್ಲೆಯ ಜೌರಾದಲ್ಲಿ ಅವರು ಮಹಾತ್ಮಾ ಗಾಂಧಿ ಸೇವಾಶ್ರಮವನ್ನು ಸ್ಥಾಪಿಸಿದರು. ದೇಶದ ನಾನಾ ಭಾಗಗಳ ಯುವಕರನ್ನು ಅಲ್ಲಿಗೆ ಕರೆತಂದು, ರಸ್ತೆ ಕಡಿಯುವ, ನೆಲ ಮಟ್ಟಮಾಡುವ ಶಿಬಿರಗಳನ್ನು ನಡೆಸಿದರು. ದರೋಡೆಯ ಭಯದಿಂದ ಹೊರಗಿನವರು ಕಾಲಿಡಲು ಹಿಂಜರಿಯುತ್ತಿದ್ದ ಸೀಮೆಯಲ್ಲಿ ನಿರಾಯುಧರಾದ ತರುಣರು ತಿಂಗಳುಗಟ್ಟಲೆ ನೆಲಸಿದುದು ಮುಂದಿನ ಕಾರ್ಯಕ್ಕೆ ಭೂಮಿಕೆಯನ್ನು ಸಿದ್ಧಗೊಳಿಸಿತೆನ್ನಲು ಅಡ್ಡಿಯಿಲ್ಲ. ಕನ್ನಡಿಗರೊಬ್ಬರು ತಮ್ಮ ಬಾಳಿನ ಬಹುಭಾಗವನ್ನು ಇಷ್ಟು ದೂರದ ಊರಿಗೆ ಮುಡಿಪಾಗಿಟ್ಟರು. ೨೦೨೧ರ ಅಕ್ಟೋಬರದಲ್ಲಿ ಅವರು ತೀರಿಕೊಂಡಾಗ ಅವರ ಅಂತ್ಯಕ್ರಿಯೆ ನಡೆದುದೂ ಜೌರಾದಲ್ಲಿಯೇ.

೧೯೭೧ರ ಅಕ್ಟೋಬರದಲ್ಲಿ ರಾಮಸಿಂಗನೆಂಬ ಹೆಸರಿನ ಗುತ್ತಿಗೆದಾರನೊಬ್ಬನು ಪಾಟ್ನಾದಲ್ಲಿ ಜಯಪ್ರಕಾಶ ನಾರಾಯಣರನ್ನು ಕಂಡನು. ಮಾತು ಮುಂದುವರಿದಂತೆ ಅವನೇ ಮಾಧೋಸಿಂಗನೆಂಬುದು ಪ್ರಕಟವಾಯಿತು. ವಿನೋಬಾ ಆ ವೇಳೆಗೆ ಪವನಾರದ ಆಶ್ರಮವನ್ನು ಬಿಟ್ಟು ಹೊರಡದ ವ್ರತವನ್ನು ಕೈಕೊಂಡಿದ್ದರು. ಜಯಪ್ರಕಾಶರ ಆರೋಗ್ಯವೂ ಚೆನ್ನಾಗಿರಲಿಲ್ಲ. ಆದರೂ ಅವರು ಒಪ್ಪಿದರು. ಒಪ್ಪಿದ ಮೇಲೆ ಅವರು ಮೊದಲು ಮಾಡಿದ ಕೆಲಸವು ಕಣಿವೆಗೆ ಧಾವಿಸುವುದಲ್ಲ, ಕೇಂದ್ರ ಸರಕಾರದೊಡನೆಯೂ ಸಂಬಂಧಪಟ್ಟ ರಾಜ್ಯಗಳ ಮುಖ್ಯಮಂತ್ರಿಗಳೊಡನೆಯೂ ಮಾತನಾಡುವುದು. ಎರಡು ಪ್ರಯೋಗಗಳ ಭೇದವೆಲ್ಲ ಇದರಲ್ಲಿಯೇ ಅಡಗಿದೆಯೆಂದು ನಾವು ತಿಳಿಯುತ್ತೇವೆ. ಶರಣಾದವರನ್ನು ಗಲ್ಲಿಗೇರಿಸುವುದಿಲ್ಲ, ಆದರೆ ಅವರು ನ್ಯಾಯಾಲಯದ ವಿಚಾರಣೆಯನ್ನು ಎದುರಿಸಬೇಕು, ಮಾಡಿದ್ದನ್ನು ಒಪ್ಪಿಕೊಳ್ಳಬೇಕು, ಶಿಕ್ಷೆಯನ್ನು ಅನುಭವಿಸಬೇಕು, ಅವರ ಕುಟುಂಬಗಳ ಜೀವನಕ್ಕೆ ಏರ್ಪಾಡಾಗಬೇಕು: ಇವು ಒಡಂಬಡಿಕೆಯ ಮುಖ್ಯಾಂಶಗಳು.

ಮಾತುಕತೆ ನಡೆಯುವಾಗ ಜೌರಾದ ಬಳಿಯ ಪಗಾರಾ ಪ್ರದೇಶದಿಂದ ಪೋಲೀಸರು ಹಿಂದೆ ಸರಿದು, ಅದು ಶಾಂತಿಕ್ಷೇತ್ರವಾಯಿತು. ಎಷ್ಟೋ ವರ್ಷಗಳಿಂದ ಒಬ್ಬರನ್ನೊಬ್ಬರು ಬೇಟೆಯಾಡುತ್ತಿದ್ದ ಗುಂಪುಗಳು ಒಂದೇ ಬಯಲಿನಲ್ಲಿ ಬೀಡುಬಿಟ್ಟವು. ೧೯೭೨ರ ಏಪ್ರಿಲ್ ೧೪ರಂದು ಜೌರಾದ ಆಶ್ರಮದಲ್ಲಿ, ಜಯಪ್ರಕಾಶ ನಾರಾಯಣರ ಮತ್ತು ಮುಖ್ಯಮಂತ್ರಿ ಪ್ರಕಾಶಚಂದ್ರ ಸೇಠಿಯವರ ಸಮ್ಮುಖದಲ್ಲಿ, ಗಾಂಧೀಜಿಯವರ ಚಿತ್ರದ ಮುಂದೆ ಮೋಹರಸಿಂಗನೂ ಅವನ ಸಂಗಡಿಗರೂ ಬಂದೂಕುಗಳನ್ನಿಟ್ಟರು. ಮುಂದಿನ ತಿಂಗಳುಗಳಲ್ಲಿ ನೂರಾರು ಮಂದಿ ಇದೇ ದಾರಿಯನ್ನು ಹಿಡಿದರು. ೧೯೭೩ರಲ್ಲಿ ಮುಂಗಾವಲಿಯಲ್ಲಿ ಇವರಿಗಾಗಿ ಬಯಲು ಸೆರೆಮನೆಯೊಂದು ತೆರೆಯಿತು; ಅಲ್ಲಿ ಕೈದಿಗಳು ಬೇಸಾಯದಲ್ಲಿ ತೊಡಗಿದರು. ಬಿಡುಗಡೆಯಾದ ಮೇಲೆ ಮೋಹರಸಿಂಗನು ಮೆಹಗಾಂವದ ಪುರಸಭೆಗೆ ಅಧ್ಯಕ್ಷನಾಗಿ ಆಯ್ಕೆಯಾದನು. ೨೦೨೦ರಲ್ಲಿ ವೃದ್ಧನಾಗಿ ತೀರಿಕೊಂಡನು. ಮಾಧೋಸಿಂಗನು ಇಂದ್ರಜಾಲದ ಪ್ರದರ್ಶನಗಳನ್ನು ನೀಡುತ್ತ ಊರೂರು ತಿರುಗಿದನು. ಬಂದೂಕಿನಿಂದ ಹೆದರಿಸಿದವನು ಕೈಚಳಕದಿಂದ ಮಕ್ಕಳನ್ನು ನಗಿಸಿದನೆಂಬುದು ಕಥೆಯಲ್ಲ, ನಡೆದ ಸಂಗತಿ.

೫

ಹಾಗಾದರೆ ೧೯೭೨ರ ಪ್ರಯೋಗವನ್ನು ಸಂಪೂರ್ಣ ಯಶಸ್ಸೆನ್ನಬಹುದೇ? ಎನ್ನಲಾಗುವುದಿಲ್ಲ. ಸಮಸ್ಯೆಯ ಬೇರು ಹೊಲದ ವ್ಯಾಜ್ಯದಲ್ಲಿಯೂ ಜಾತಿಯ ಅಸಮತೆಯಲ್ಲಿಯೂ ಇದ್ದಿತೆಂದು ಮೊದಲೇ ಹೇಳಿದೆವು. ಆ ಬೇರನ್ನು ಕೀಳಲು ಒಂದು ದಿನದ ಸಮಾರಂಭ ಸಾಲದು. ೧೯೭೦ರ ದಶಕದ ಕೊನೆಗೆ ಮತ್ತೆ ಗುಂಪುಗಳು ಎದ್ದವು. ೧೯೮೧ರ ಫೆಬ್ರವರಿ ೧೪ರಂದು ಯಮುನೆಯ ಸಮೀಪದ ಬೆಹಮಯಿ ಎಂಬ ಹಳ್ಳಿಯಲ್ಲಿ ೨೦ ಮಂದಿಯನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಆ ಪ್ರಕರಣದ ಮುಖ್ಯ ಆರೋಪಿಯಾದ ಫೂಲನದೇವಿಯು ೧೯೮೩ರ ಫೆಬ್ರವರಿಯಲ್ಲಿ ಭಿಂಡದಲ್ಲಿ ಮುಖ್ಯಮಂತ್ರಿ ಅರ್ಜುನಸಿಂಗರ ಮುಂದೆ ಶರಣಾದಳು. ಬಡತನದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮದುವೆಯಾಗಿ, ಘೋರವಾದ ಅತ್ಯಾಚಾರಗಳಿಗೆ ಈಡಾದ ಹೆಣ್ಣು ಅವಳು.

ಈ ಮೂರನೆಯ ಶರಣಾಗತಿಯು ಹೊರನೋಟಕ್ಕೆ ಹಿಂದಿನವುಗಳನ್ನೇ ಹೋಲುತ್ತದೆ. ವೇದಿಕೆ, ಗಾಂಧೀಜಿಯವರ ಚಿತ್ರ, ನೆರೆದ ಜನಸಮೂಹ ಎಲ್ಲವೂ ಇದ್ದವು. ಆದರೆ ಒಳತಿರುಳು ಬೇರೆಯಾಗಿದ್ದಿತು. ಹಳ್ಳಿಯಲ್ಲಿ ನೆಲಸಿ, ಶರಣಾದವರ ಮುಂದಿನ ದಿನಗಳಿಗೆ ಹೊಣೆಯಾಗುವ ಕಾರ್ಯಕರ್ತರ ಸ್ಥಾನದಲ್ಲಿ ಈಗ ಸರಕಾರವೇ ನಿಂತಿದ್ದಿತು; ಸರಕಾರಕ್ಕೆ ನೆನಪು ಕಡಿಮೆ. ಫೂಲನದೇವಿಯು ೧೧ ವರ್ಷಗಳನ್ನು ವಿಚಾರಣೆಯಿಲ್ಲದೆ ಸೆರೆಮನೆಯಲ್ಲಿ ಕಳೆದು ೧೯೯೪ರಲ್ಲಿ ಬಿಡುಗಡೆಯಾದಳು. ೧೯೯೬ರಲ್ಲಿ ಲೋಕಸಭೆಗೆ ಆರಿಸಿಬಂದಳು. ೨೦೦೧ರಲ್ಲಿ ದೆಹಲಿಯಲ್ಲಿ ಹತಳಾದಳು. ಬೆಹಮಯಿಯ ಮೊಕದ್ದಮೆಯ ತೀರ್ಪು ಬಂದುದು ೨೦೨೪ರ ಫೆಬ್ರವರಿಯಲ್ಲಿ, ಅಂದರೆ ಘಟನೆ ನಡೆದ ೪೩ ವರ್ಷಗಳ ತರುವಾಯ. ಒಬ್ಬನಿಗೆ ಆಜೀವ ಸೆರೆವಾಸವಾಯಿತು. ಆ ವೇಳೆಗೆ ಆರೋಪಿಗಳಲ್ಲಿ ಬಹುಮಂದಿಯೂ, ಸಾಕ್ಷಿಗಳಲ್ಲಿ ಬಹುಮಂದಿಯೂ ಕಾಲವಶರಾಗಿದ್ದರು. ಇಲ್ಲಿ ಆರೋಪಿಗೂ ನ್ಯಾಯ ದೊರಕಲಿಲ್ಲ, ನೊಂದವರಿಗೂ ದೊರಕಲಿಲ್ಲ. ಇಬ್ಬರನ್ನೂ ಸಮಾನವಾಗಿ ವಂಚಿಸಿದ್ದು ವಿಳಂಬ.

೬

ಈಗ ರುಸ್ತುಂಜಿಯವರ ವಿಚಾರಕ್ಕೆ ಮರಳೋಣ. ೧೯೬೦ರಲ್ಲಿ ವಿನೋಬಾರ ಕಾರ್ಯವನ್ನು ಆಕ್ಷೇಪಿಸಿದ ಈ ಅಧಿಕಾರಿಯು ಮುಂದೆ ರಾಷ್ಟ್ರೀಯ ಪೋಲೀಸ್ ಆಯೋಗದ ಸದಸ್ಯರಾದರು. ಆ ಕೆಲಸದ ಸಂಬಂಧದಲ್ಲಿ ಬಿಹಾರದ ಸೆರೆಮನೆಗಳ ಸ್ಥಿತಿಯನ್ನು ತಿಳಿದು, ತೀರ್ಪಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದ ಬಡವರ ವಿಷಯವಾಗಿ ೧೯೭೯ರ ಜನವರಿಯಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಲೇಖನಗಳನ್ನು ಬರೆದರು. ತಮ್ಮ ಮೇಲಿನ ಆರೋಪಕ್ಕೆ ಕಾನೂನು ವಿಧಿಸಬಹುದಾದ ಪರಮಾವಧಿ ಶಿಕ್ಷೆಗಿಂತ ಹೆಚ್ಚು ಕಾಲವನ್ನು ಸೆರೆಯಲ್ಲಿ ಕಳೆದವರೂ ಆ ಬಡವರಲ್ಲಿದ್ದರು. ಆ ಲೇಖನಗಳನ್ನು ಆಧರಿಸಿ ವಕೀಲೆ ಕಪಿಲಾ ಹಿಂಗೋರಾನಿಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಹುಸೇನಾರಾ ಖಾತೂನ್ ಪ್ರಕರಣವೆಂದು ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ, ಶೀಘ್ರವಾದ ವಿಚಾರಣೆಯು ಸಂವಿಧಾನದ ೨೧ನೆಯ ಅನುಚ್ಛೇದದಲ್ಲಿ ಅಡಕವಾಗಿರುವ ಮೂಲಭೂತ ಹಕ್ಕೆಂದು ನ್ಯಾಯಾಲಯವು ಸಾರಿತು. ಅನೇಕ ಕೈದಿಗಳ ಬಿಡುಗಡೆಗೆ ಆಜ್ಞೆಮಾಡಿತು.

ಇದನ್ನು ಗಮನಿಸಿದರೆ, ಶಾಂತಿಕಾರ್ಯಕರ್ತನೂ ಪೋಲೀಸ್ ಅಧಿಕಾರಿಯೂ ಪರಸ್ಪರ ವಿರೋಧಿಗಳೆಂಬ ಸಾಮಾನ್ಯ ಗ್ರಹಿಕೆ ಎಷ್ಟು ಅಪೂರ್ಣವಾದುದೆಂಬುದು ವಿದಿತವಾಗುತ್ತದೆ. ಸುಬ್ಬರಾಯರಂಥವರು ಅಪರಾಧಿಯಲ್ಲಿ ಮನುಷ್ಯನನ್ನು ಕಂಡರು. ಆ ದೃಷ್ಟಿ ಇಲ್ಲದಿದ್ದರೆ ಒಬ್ಬನೂ ಬೇಹಡದಿಂದ ಮೇಲೆ ಬರುತ್ತಿರಲಿಲ್ಲ. ರುಸ್ತುಂಜಿಯವರಂಥವರು ಕಾನೂನಿನ ಕ್ರಮವನ್ನು ಬಿಡಲಾಗದೆಂದರು. ಆ ಹಟವಿಲ್ಲದಿದ್ದರೆ ಕರುಣೆಯು ಬಲಿಷ್ಠರಿಗೆ ಮಾತ್ರ ದೊರೆಯುವ ವಿನಾಯಿತಿಯಾಗುತ್ತಿತ್ತು. ಕೋವಿ ಹಿಡಿದು ಪ್ರಸಿದ್ಧನಾದವನಿಗೆ ಮುಖ್ಯಮಂತ್ರಿಯ ಭರವಸೆ ದೊರೆಯುವಾಗ, ಹೆಸರಿಲ್ಲದ ಬಡ ಕೈದಿಗೆ ವಿಚಾರಣೆಯ ದಿನಾಂಕವೂ ದೊರೆಯದಿದ್ದರೆ, ಅದನ್ನು ಸುಧಾರಣೆಯೆನ್ನುವುದು ಹೇಗೆ? ೨೦೨೨ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದವರಲ್ಲಿ ಸುಮಾರು ನಾಲ್ವರಲ್ಲಿ ಮೂವರು ವಿಚಾರಣಾಧೀನರೇ ಆಗಿದ್ದರೆಂಬ ಅಂಶವು ಈ ಪ್ರಶ್ನೆಯು ಕೇವಲ ಚರಿತ್ರೆಯದಲ್ಲವೆಂಬುದನ್ನು ತೋರಿಸುತ್ತದೆ.

ಚಂಬಲದ ಚರಿತ್ರೆಯನ್ನು ಬರೆಯುವವರಿಗೆ ಇನ್ನೂ ಒಂದು ಋಣವಿದೆ. ಶರಣಾದವರ ಹೆಸರುಗಳನ್ನೂ, ಅವರನ್ನು ಶರಣಾಗಿಸಿದವರ ಹೆಸರುಗಳನ್ನೂ ನಾವು ಬಲ್ಲೆವು. ಈ ಲೇಖನದಲ್ಲಿಯೂ ಅವೇ ತುಂಬಿವೆ. ಕೊಲೆಗೀಡಾದ ರೈತನ, ಹಣ ತೆರಲಾರದೆ ಮಗನನ್ನು ಕಳೆದುಕೊಂಡ ತಾಯಿಯ, ಹೊಂಚಿನ ಗುಂಡಿಗೆ ಬಲಿಯಾದ ಪೋಲೀಸ್ ಪೇದೆಯ ಹೆಸರುಗಳು ಎಲ್ಲಿಯೂ ಬರುವುದಿಲ್ಲ. ಬಾಗಿಗೆ ಪುನರ್ಜನ್ಮ ನೀಡಿದ ಪ್ರಯೋಗಗಳು ಈ ಮೂರನೆಯ ಪಕ್ಷವನ್ನು ವೇದಿಕೆಯ ಮೇಲೆ ಕೂರಿಸಲಿಲ್ಲ. ಅಪರಾಧಿಯ ಸುಧಾರಣೆಯೂ, ನಿರ್ದೋಷಿಯ ಶೀಘ್ರ ಬಿಡುಗಡೆಯೂ, ನೊಂದವನ ಸಾಂತ್ವನವೂ ಒಟ್ಟಿಗೆ ಸಾಗಿದಾಗಲೇ ಊರು ನಿರ್ಭಯವಾಗಿ ಮಲಗಬಲ್ಲುದು. ೧೯೬೦ರಲ್ಲಿ ಮೊದಲನೆಯದಕ್ಕೆ ದಾರಿ ತೆರೆಯಿತು. ೧೯೭೯ರಲ್ಲಿ ಎರಡನೆಯದಕ್ಕೆ ದಾರಿ ತೆರೆಯಿತು. ಮೂರನೆಯ ದಾರಿಯನ್ನು ಕಡಿಯುವ ಕೆಲಸ ಉಳಿದಿದೆ. ಅದಕ್ಕೆ ಮೊದಲ ಹೆಜ್ಜೆಯಾಗಿ ಆ ಹೆಸರುಗಳನ್ನು ಹಳ್ಳಿಹಳ್ಳಿಗಳಲ್ಲಿ ಕೇಳಿ ದಾಖಲುಮಾಡುವುದು ಇತಿಹಾಸದ ವಿದ್ಯಾರ್ಥಿಗಳಿಗೆ ಸಲ್ಲುವ ಕಾರ್ಯವೆಂದು ನಾವು ಭಾವಿಸುತ್ತೇವೆ.